ತಕಿಟದ 'ಕಿ' ಹುಡುಕುತ್ತಾ: 'ರೊಸಾನಾ' ಬೀಟ್ ನನ್ನ ಕೈಗೆ ಬಂದದ್ದು

ಅಮೆರಿಕದ ರಾಕ್ ಬ್ಯಾಂಡ್ ಟೋಟೊದ 'ರೊಸಾನಾ' ಶುರುವಾಗುವುದು ಬರೀ ಡ್ರಮ್ಸ್‌ನಿಂದ. 1982ರ ಹಾಡು, ನುಡಿಸಿದವರು ಜೆಫ್ ಪೊರ್ಕಾರೊ. ಮೊದಲ ಸಲ ಕೇಳಿದಾಗ ಇಬ್ಬರು ಕೂತು ನುಡಿಸುತ್ತಿದ್ದಾರೆ ಅಂತಲೇ ಅಂದುಕೊಂಡಿದ್ದೆ. ಸ್ನೇರ್ (ನುಡಿಸುವವರ ಎದುರಿಗೇ ಇರುವ, ಚಟ್ ಅನ್ನುವ ಡ್ರಮ್) ಮೇಲೆ ದೊಡ್ಡ ಪೆಟ್ಟು ಬೀಳುತ್ತದೆ, ಅದು ಎಲ್ಲರಿಗೂ ಕೇಳುತ್ತದೆ. ಆದರೆ ಅದರ ಸುತ್ತ ಮೊರದಲ್ಲಿ ಅಕ್ಕಿ ಆಡಿಸಿದ ಹಾಗೆ ಏನೋ ಸರಸರ ಓಡುತ್ತಿರುತ್ತದೆ. ಅದೂ ಅವರ ಎಡಗೈಯೇ ಅಂತ ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಆಗ ನಾನು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದೆ. ಗಣೇಶನ ಹಬ್ಬ, ಮದುವೆ ರಿಸೆಪ್ಷನ್, ಊರ ಜಾತ್ರೆ. ಜೋರಾಗಿ ಹೊಡೆಯುವುದು ಚೆನ್ನಾಗಿ ಬರುತ್ತಿತ್ತು. ಮೆಲ್ಲಗೆ ಹೊಡೆ ಅಂತ ಯಾರೂ ಕೇಳಿರಲಿಲ್ಲ, ನಾನೂ ಕಲಿತಿರಲಿಲ್ಲ.

ಈ ಬೀಟಿಗೆ ಹಾಫ್-ಟೈಮ್ ಶಫಲ್ ಅಂತಾರೆ. ಶಫಲ್ ಅಂದರೆ ತೂಗಾಡುವ ಮೂರರ ನಡೆ; ದೊಡ್ಡ ಪೆಟ್ಟು ಅರ್ಧದಷ್ಟೇ ಸಲ ಬೀಳುವುದರಿಂದ ಹಾಫ್-ಟೈಮ್. ಅಮೆರಿಕದ ಡ್ರಮ್ಮರ್ ಬರ್ನಾರ್ಡ್ ಪರ್ಡಿ ಇದನ್ನು ಎಷ್ಟು ಚೆಂದ ನುಡಿಸಿದರೆಂದರೆ ಡ್ರಮ್ಮರ್‌ಗಳ ಬಾಯಲ್ಲಿ ಇದು 'ಪರ್ಡಿ ಶಫಲ್' ಆಗಿಬಿಟ್ಟಿದೆ. ಅವರು ನುಡಿಸಿದ, ಸ್ಟೀಲಿ ಡ್ಯಾನ್ ಬ್ಯಾಂಡಿನ 1977ರ 'ಹೋಮ್ ಅಟ್ ಲಾಸ್ಟ್'ನಲ್ಲಿ ಕೇಳಿ. 1979ರಲ್ಲಿ ಲೆಡ್ ಝೆಪೆಲಿನ್ ಬ್ಯಾಂಡಿನ ಡ್ರಮ್ಮರ್ ಜಾನ್ ಬಾನಮ್ 'ಫೂಲ್ ಇನ್ ದ ರೇನ್'ಗೆ ಇದೇ ನಡೆ ಇಟ್ಟರು, ನಡುವೆ ಹೈ-ಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಾಳದ ತಟ್ಟೆ) ತೆರೆದು 'ಸ್' ಅನ್ನಿಸಿ. ಇವರಿಬ್ಬರಿಂದ ತೆಗೆದುಕೊಂಡೆ ಅಂತ ಪೊರ್ಕಾರೊ ತಾವೇ ಹೇಳಿದ್ದಾರೆ. ಕಾಲಿನಿಂದ ನುಡಿಸುವ ಕಿಕ್ ಡ್ರಮ್ಮಿಗೆ ಹಳೆಯ ರಾಕ್ ಗಾಯಕ ಬೋ ಡಿಡ್ಲಿಯ ತಾಳ ಕೂಡಿಸಿದರು. ಮೂರು ಮನೆಯ ನೀರು ಒಂದೇ ಬಾವಿಗೆ ಬಂದ ಹಾಗೆ.

ವಿಡಿಯೋ ನೋಡಿ ನೋಡಿ ಎರಡು ತಿಂಗಳು ಹೋಯಿತು. ಕೈ ಓಡುತ್ತಿತ್ತು, ಬೀಟ್ ಮಾತ್ರ ಬರುತ್ತಿರಲಿಲ್ಲ. ದಾರಿ ತೋರಿಸಿದ್ದು ನನ್ನ ಸೋದರಮಾವ. ಅವರು ಮೃದಂಗದವರು, ಈ ಹಾಡನ್ನು ಕೇಳಿಯೇ ಇರಲಿಲ್ಲ. ಕಣ್ಣು ಮುಚ್ಚಿ ಎರಡು ಸಲ ಕೇಳಿದರು. "ಇದು ತಿಶ್ರ ಕಣೋ. ಕೋಲು ಕೆಳಗಿಡು, ಮೊದ್ಲು ಬಾಯಲ್ಲಿ ಹೇಳು" ಅಂದರು.

ತಿಶ್ರ ಅಂದರೆ ಮೂರರ ನಡೆ: ತಕಿಟ ತಕಿಟ ತಕಿಟ ತಕಿಟ. ಒಂದು ಬಾರ್, ಅಂದರೆ ತಾಳದ ಒಂದು ಸುತ್ತು, ನಾಲ್ಕು ತಕಿಟ. 'ತ' ಮತ್ತು 'ಟ' ಬಲಗೈಗೆ, ಹೈ-ಹ್ಯಾಟ್ ಮೇಲೆ. ನಡುವಿನ 'ಕಿ' ಎಡಗೈಗೆ, ಸ್ನೇರ್ ಮೇಲೆ, ಪಿಸುಮಾತಿನ ಹಾಗೆ. ಇದೇ ಘೋಸ್ಟ್ ನೋಟ್. ಮೂರನೇ ತಕಿಟದ 'ತ' ಬಂದಾಗ ಮಾತ್ರ ಎಡಗೈಯೂ ಸೇರಿಕೊಂಡು ಪೂರ್ತಿ ಜೋರಾಗಿ ಬೀಳಬೇಕು. ಅದೇ ಬ್ಯಾಕ್‌ಬೀಟ್.

ಕಷ್ಟ ಇರುವುದು ಅಲ್ಲೇ. ಆ ದೊಡ್ಡ 'ತ' ಹೊಡೆದ ಕೈಯೇ ಮರುಕ್ಷಣ ಸಣ್ಣ 'ಕಿ' ಹೊಡೆಯಬೇಕು. ಜೋರಾಗಿ ಹೊಡೆದರೆ ಸ್ಟಿಕ್ ತಾನಾಗಿ ಮೇಲಕ್ಕೆ ಚಿಮ್ಮುತ್ತದೆ. ಮೇಲಿಂದ ಬಂದ 'ಕಿ' ಪಿಸುಮಾತಾಗಲ್ಲ, ಕೂಗೇ ಆಗುತ್ತದೆ. ಹಾಗಾಗಿ ಪೆಟ್ಟು ಬಿದ್ದ ಕೂಡಲೇ ಸ್ಟಿಕ್ಕನ್ನು ಚರ್ಮದಿಂದ ಎರಡು ಬೆರಳು ಎತ್ತರದಲ್ಲಿ ತಡೆದು ನಿಲ್ಲಿಸಬೇಕು. ಮುಷ್ಟಿ ಬಿಗಿದರೆ ಮಣಿಕಟ್ಟು ನೋಯುತ್ತದೆ. ಕೊನೆಯ ಮೂರು ಬೆರಳು ಒಂದು ಕ್ಷಣ ಮುಚ್ಚಿ ಬಿಟ್ಟರೆ ಸಾಕು. ಮತ್ತೆ ಎತ್ತುವುದಕ್ಕೂ ಜಾಗ ಕಮ್ಮಿ. ಎರಡನೇ ತಕಿಟದ 'ಕಿ' ಆದ ಮೇಲೆ ಒಂದು 'ಟ' ಅಷ್ಟೇ ಇರುತ್ತದೆ, ಅಷ್ಟರಲ್ಲಿ ಎಡಗೈ ಮೇಲೆ ಹೋಗಿರಬೇಕು.

ಬಾಡಿಗೆ ಮನೆ, ಕೆಳಗೆ ಓನರ್ ಇದ್ದರು. ದಿಂಬಿನ ಮೇಲೆ ಅಭ್ಯಾಸ ಮಾಡಿದೆ. ಅದೇ ಒಳ್ಳೆಯದಾಯಿತು. ದಿಂಬು ಸ್ಟಿಕ್ಕನ್ನು ವಾಪಸ್ ಎಸೆಯುವುದಿಲ್ಲ, ಎಲ್ಲವನ್ನೂ ಕೈಯೇ ಮಾಡಬೇಕು. ಲಯಕ್ಕೆ ಟಿಕ್ ಅನ್ನುವ ಮೆಟ್ರೋನೋಮನ್ನು ನಿಮಿಷಕ್ಕೆ 50 ಟಿಕ್‌ಗೆ ಇಟ್ಟು ಮೊದಲ ವಾರ ಕಿಕ್ ಮುಟ್ಟಲೇ ಇಲ್ಲ. ಆಮೇಲೆ ವಾರಕ್ಕೆ ನಾಲ್ಕೈದು ಏರಿಸುತ್ತಾ ಹೋದೆ. ಹಾಡಿನ ವೇಗ 80ರ ಮೇಲಿದೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಮಳೆಗಾಲ ಮುಗಿದಿತ್ತು.

ಈ ಬೀಟ್ ಕೈಗೆ ಬಂದ ಮೇಲೆ ನನ್ನ ಫಿಲ್‌ಗಳೂ, ಅಂದರೆ ಹಾಡಿನ ಸಂದುಗಳಲ್ಲಿ ತುಂಬುವ ಪೆಟ್ಟುಗಳೂ, ಬದಲಾದವು. ಮೊದಲೆಲ್ಲ ಪಲ್ಲವಿ ಮುಗಿದು ಚರಣ ಬರುವ ಸಂದು ಸಿಕ್ಕರೆ ಸಾಕು, ಸೆಟ್ಟಿನಲ್ಲಿ ಸುತ್ತ ಇರುವ ಎಲ್ಲ ಟಾಮ್ ಡ್ರಮ್‌ಗಳನ್ನೂ ಸುತ್ತಿ ಬರುತ್ತಿದ್ದೆ. ಒಂದು ಸಲ ಸ್ಟೇಜಿನಲ್ಲಿ ಹಾಗೆ ಮಾಡಿ ಗಾಯಕಿಗೆ ಎತ್ತಿಕೊಳ್ಳುವ ಜಾಗವೇ ಸಿಗಲಿಲ್ಲ. ಅವರು ತಿರುಗಿ ನೋಡಿದ್ದು ಇನ್ನೂ ಕಣ್ಣ ಮುಂದಿದೆ. ಈಗ ಸಂದು ಬಂದರೆ ಒಳಗೇ ತಕಿಟ ಎಣಿಸುತ್ತೇನೆ. ಎರಡು ಪೆಟ್ಟು ಸಾಕು ಅನ್ನಿಸಿದರೆ ಎರಡೇ.

ಇಂಗ್ಲಿಷ್ ಗಾಯಕ, ಡ್ರಮ್ಮರ್ ಫಿಲ್ ಕಾಲಿನ್ಸ್‌ರ 1981ರ 'ಇನ್ ದಿ ಏರ್ ಟುನೈಟ್' ಫಿಲ್ ಎಲ್ಲರಿಗೂ ಗೊತ್ತು, ಅಲ್ವಾ? ದುಡುಂ ದುಡುಂ ದುಡುಂ ದುಡುಂ ದುಂ ದುಂ. ನುಡಿಸಲು ಸುಲಭ, ಒಂದು ಸಂಜೆಯಲ್ಲಿ ಬರುತ್ತದೆ. ಆದರೆ ಅದಕ್ಕೆ ಮೊದಲು ಮೂರೂವರೆ ನಿಮಿಷಕ್ಕೂ ಜಾಸ್ತಿ ಡ್ರಮ್ಸ್ ಜಾಗದಲ್ಲಿ ಬರೀ ಡ್ರಮ್ ಮಷಿನ್ ಟಿಕ್‌ಟಿಕ್ ಅನ್ನುತ್ತಿರುತ್ತದೆ. ಅಷ್ಟು ಹೊತ್ತು ಕೈ ಕಟ್ಟಿ ಕೂತದ್ದಕ್ಕೇ ಆ ಟಾಮ್‌ಗಳು ಬಿದ್ದಾಗ ಎದೆ ನಡುಗುವುದು. ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್ ಕೂಡ ನನಗೆ ತುಂಬಾ ಇಷ್ಟ. ಅವರು ಎಡಚರು, ಕೂರುತ್ತಿದ್ದದ್ದು ಬಲಗೈಯವರ ಸೆಟ್ಟಿಗೆ. ಅದಕ್ಕೇ ಅವರ ಫಿಲ್‌ಗಳು ನಾವು ಕಾಯುವ ಕಡೆಯಿಂದ ಬರುವುದಿಲ್ಲ. ಡ್ರಮ್ ಮೇಲೆ ಟೀ ಟವಲ್ ಹಾಸಿ ನುಡಿಸುತ್ತಿದ್ದರು. ನಾನೂ ಫ್ಲೋರ್ ಟಾಮ್ ಮೇಲೆ ಒಂದು ಹಳೆಯ ಟವಲ್ ಹಾಕಿದ್ದೇನೆ, ದನಿ ದುಂಡಗೆ ಬರುತ್ತದೆ.

ಹೋದ ತಿಂಗಳು 'ರೊಸಾನಾ' ಪೂರ್ತಿ ನುಡಿಸಿ, ರೆಕಾರ್ಡ್ ಮಾಡಿ ಮಾವನಿಗೆ ಕಳಿಸಿದೆ. ರಾತ್ರಿ ಫೋನ್ ಮಾಡಿದರು. "ಚೆನ್ನಾಗಿದೆ ಕಣೋ. ಮೂರನೇ ತಕಿಟದ ಕಿ ಒಂದು ಚೂರು ಜೋರಾಯ್ತು ನೋಡು." ಮತ್ತೆ ಹಾಕಿ ಕೇಳಿದೆ. ಹೌದು, ಜೋರಾಗಿತ್ತು. ದಿಂಬು ಎಳೆದುಕೊಂಡು ಕೂತೆ.