ಋತುವಿನ ಮೊದಲ ಹಿಮದಲ್ಲಿ ಸ್ಕೀ: ಇಳಿಜಾರನ್ನು ನಾನು ಪರೀಕ್ಷಿಸುವ ಬಗೆ

ಮೊದಲ ದೊಡ್ಡ ಹಿಮ ಬಿದ್ದ ಕೂಡಲೇ ಸ್ಕೀ ಹೊತ್ತು ಹೊರಡುವವರ ಬಾಯಲ್ಲಿ ಒಂದು ಮಾತು ಇದ್ದೇ ಇರುತ್ತದೆ: "ಮೊಣಕಾಲುದ್ದ ಹಿಮವೂ ಇಲ್ಲ, ಕುಸಿಯೋಕೆ ಏನಿದೆ?" ಲೆಕ್ಕ ತಪ್ಪುವುದು ಇಲ್ಲೇ. ಆರಂಭದ ವಾರಗಳಲ್ಲಿ ಸ್ಕೀ ಜಾರುವಷ್ಟು ಹಿಮ ಸಿಗುವುದು ಹಿಂದೆ ಬಿದ್ದದ್ದು ಕರಗದೆ ಉಳಿದಲ್ಲಿ. ಅಂದರೆ, ಉತ್ತರ ಗೋಳಾರ್ಧದಲ್ಲಿ, ಉತ್ತರಕ್ಕೆ ಮುಖ ಮಾಡಿದ ಎತ್ತರದ ನೆರಳಿನ ಇಳಿಜಾರುಗಳಲ್ಲಿ. ಹಿಮಕುಸಿತಕ್ಕೆ ಕಾರಣವಾಗುವ ದುರ್ಬಲ ಪದರ ಅಡಗಿರುವುದೂ ಅಲ್ಲೇ.

ಹಿಮದಡಿಯ ನೆಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲ್ಮೈ ಮೈನಸ್ 10ಕ್ಕೆ ಇಳಿಯಿತೆನ್ನಿ. ಹಿಮ 2 ಮೀಟರ್ ದಪ್ಪವಿದ್ದರೆ ವ್ಯತ್ಯಾಸ ಮೀಟರಿಗೆ 5 ಡಿಗ್ರಿ, 40 ಸೆಂ.ಮೀ. ಇದ್ದರೆ ಮೀಟರಿಗೆ 25. ಸುಮಾರು 10 ದಾಟಿತೆಂದರೆ ನೀರಾವಿ ರಭಸದಿಂದ ಮೇಲಕ್ಕೆ ಸರಿಯುತ್ತದೆ, ಕಣಗಳ ನಡುವಿನ ಬೆಸುಗೆ ಬಿಡುತ್ತದೆ, ಮೂಲೆ ಮೂಲೆಯಾದ ಹರಳುಗಳು ಬೆಳೆಯುತ್ತವೆ. ತೆಳು ಹಿಮಕ್ಕೆ ಕೆಲವು ತಣ್ಣನೆಯ, ಮೋಡವಿಲ್ಲದ ರಾತ್ರಿಗಳೇ ಸಾಕು. ಮುಷ್ಟಿಯಲ್ಲಿ ಒತ್ತಿ ನೋಡಿ: ಉಂಡೆ ಕಟ್ಟದೆ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿದರೆ ಅದೇ ಆ ಪದರ. ಅದರ ಮೇಲೆ ಹೊಸ ಹಿಮ ಬೀಳುವವರೆಗೂ, ಗಾಳಿ ಹಿಮವನ್ನು ಒತ್ತಿ ಗಟ್ಟಿ ಹಾಸು, ಅಂದರೆ "ಹಲಗೆ", ಕಟ್ಟುವವರೆಗೂ ಅದು ನಿರುಪದ್ರವಿ.

ನಾನು ಹತ್ತುವಾಗ ಐವತ್ತು ಹೆಜ್ಜೆಗೊಮ್ಮೆ ಸ್ಕೀ ಕೋಲನ್ನು ತಿರುಗಿಸಿ ಹಿಡಿಕೆಯ ತುದಿ ಇಳಿಸುತ್ತೇನೆ. ಮೇಲೆ ತಡೆದು, ಆಮೇಲೆ ದಡಕ್ಕನೆ ನೆಲ ಮುಟ್ಟಿದರೆ ಗಟ್ಟಿಯ ಕೆಳಗೆ ಪೊಳ್ಳು ಎಂದರ್ಥ. ಅಲ್ಲೇ ಗುಂಡಿ ತೋಡುತ್ತೇನೆ. ಹಿಮ ತೆಳುವಾದ್ದರಿಂದ ಹತ್ತು ನಿಮಿಷದ ಕೆಲಸ. ಅಡ್ಡಕ್ಕೆ 90 ಸೆಂ.ಮೀ., ಹಿಂದಕ್ಕೆ 30 ಸೆಂ.ಮೀ. ಹಿಮದ ಕಂಬವನ್ನು ಹಿಂಬದಿಯೂ ಕತ್ತರಿಸಿ ಬಿಡಿಸಿ, ಒಂದು ತುದಿಯಲ್ಲಿ ಸಲಿಕೆಯ ಅಲಗಿಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಪೆಟ್ಟು. ಬಿರುಕು ಹುಟ್ಟಿದ ಪೆಟ್ಟಿಗೋ ಅದರ ಮರುಪೆಟ್ಟಿಗೋ ಇಡೀ ಅಗಲಕ್ಕೆ ಓಡಿದರೆ ಆ ಮುಖದ ಕಡಿದಾದ ಇಳಿಜಾರುಗಳನ್ನೆಲ್ಲ ಅಂದಿಗೆ ಕೈಬಿಡುತ್ತೇನೆ. ಓಡದಿದ್ದರೆ? ಅದು ಅನುಮತಿಯಲ್ಲ. ಹತ್ತು ಮೀಟರ್ ಆಚೆ ಬಂಡೆಯೊಂದರ ಸುತ್ತ ಹಲಗೆ ತೆಳುವಾಗಿ, ಪೊಳ್ಳು ಪದರ ಸ್ಕೀ ತೂಕಕ್ಕೆ ನೇರ ಸಿಗಬಹುದು. ಕಾಲಡಿ "ವುಂಫ್" ಎಂದು ಹಿಮ ಕುಗ್ಗಿದರೆ, ಸ್ಕೀ ತುದಿಯಿಂದ ಬಿರುಕು ಚಿಮ್ಮಿದರೆ, ಗುಂಡಿಯ ಅಗತ್ಯವೇ ಇಲ್ಲ, ಉತ್ತರ ಬಂದಾಯಿತು.

ಕೋನವನ್ನು ಕಣ್ಣಂದಾಜಿಗೆ ಬಿಡಬಾರದು. ಕೋಲನ್ನು ಇಳಿಜಾರಿನ ಮೇಲೆ ಮಲಗಿಸಿ ಅದರ ಮೇಲೆ ಇನ್‌ಕ್ಲಿನೋಮೀಟರ್ ಇಟ್ಟು ನೋಡುತ್ತೇನೆ. ಹಲಗೆ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯಲ್ಲಿ ಹುಟ್ಟುತ್ತವೆ. ಹಾಗಾಗಿ 30ರ ಒಳಗಿರುತ್ತೇನೆ, ಆದರೆ ತಲೆಯ ಮೇಲೆ ಕಡಿದಾದ ಭಾಗ ಇದ್ದರೆ ಆ 30ಕ್ಕೂ ಬೆಲೆಯಿಲ್ಲ. ಇಂಥ ಪದರವನ್ನು ದೂರದಿಂದ, ಕೆಳಗಿನಿಂದಲೂ ಕೆಡವಬಹುದು.

"ಸಣ್ಣ ಕುಸಿತ" ಎಂಬುದನ್ನೂ ತೂಗಿ ನೋಡಿ: 20 ಮೀಟರ್ ಉದ್ದ, ಅಷ್ಟೇ ಅಗಲ, 30 ಸೆಂ.ಮೀ. ದಪ್ಪ, ಘನ ಮೀಟರಿಗೆ 200 ಕೆ.ಜಿ. ಅಂದರೆ 24 ಟನ್. ನಡುಚಳಿಗಾಲದಲ್ಲಿ ಮುಚ್ಚಿಹೋಗುವ ಕಲ್ಲು, ಬುಡ, ಬಿದ್ದ ಮರಗಳು ಈಗ ಬೆತ್ತಲಾಗಿವೆ. ಹೂತುಹೋಗುವ ಮೊದಲೇ ಅವಕ್ಕೆ ಬಡಿಯುವುದು ದೊಡ್ಡ ಅಪಾಯ, ಹಿಮದ ಮೇಲೆ ತೇಲಿಸಲು ಬೆನ್ನಚೀಲದಿಂದ ಉಬ್ಬುವ ಏರ್‌ಬ್ಯಾಗ್ ಅಲ್ಲಿ ಹೆಚ್ಚು ನೆರವಾಗದು. ಹೆಲ್ಮೆಟ್ ಕಡ್ಡಾಯ. ಗುಪ್ಪೆಗಳ ಮೇಲಿಂದ ಹಾರುವುದಿಲ್ಲ, ಕಲ್ಲುರಾಶಿಗಿಂತ ಹುಲ್ಲುಗಾವಲಿನ ಇಳಿಜಾರೇ ಲೇಸು.

ಬೀಕನ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ರೇಡಿಯೊ ಸಾಧನ) ಬೇಸಿಗೆಯಿಡೀ ಪೆಟ್ಟಿಗೆಯಲ್ಲಿದ್ದರೆ ಬ್ಯಾಟರಿ ಸೋರಿ ಸಂಪರ್ಕದ ಪಟ್ಟಿಗಳು ಹಸಿರುಗಟ್ಟಿರಬಹುದು, ತೆರೆದು ನೋಡಿ. ಹೊಸ ಆಲ್ಕಲೈನ್ ಸೆಲ್ ಹಾಕಿ. ತಯಾರಕರು ಒಪ್ಪದ ಹೊರತು ರೀಚಾರ್ಜ್ ಸೆಲ್ ಬೇಡ. 457 ಕಿಲೋಹರ್ಟ್ಸ್ ಸಂಕೇತವನ್ನು ಫೋನ್ ಕೆಡಿಸುತ್ತದೆ: ಕಳಿಸುವಾಗ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿರಲಿ. ಹೊರಡುವ ಮುನ್ನ ಒಬ್ಬರು ಮುಂದೆ ನಿಂತು ಹುಡುಕುವ ಸ್ಥಿತಿಯಲ್ಲಿ, ಉಳಿದವರು ಒಬ್ಬೊಬ್ಬರಾಗಿ ಹಾದುಹೋಗಿ ಪರೀಕ್ಷೆಯಾಗಲಿ. ಆಮೇಲೆ ಆ ಮುಂದಿನವರು ತಮ್ಮದನ್ನು ಮತ್ತೆ ಕಳಿಸುವ ಸ್ಥಿತಿಗೆ ತಂದರೇ ಎಂದು ಕೇಳಿ, ಮರೆಯುವವರು ಸಾಮಾನ್ಯವಾಗಿ ಅವರೇ.