ಕಸ್ಟಮರ್ ಎಷ್ಟು ಬಳಸ್ತಿದಾರೆ ಅಂತ ಅಗ್ರಿಮೆಂಟ್ ಪ್ರಕಾರ ಲೆಕ್ಕ ಇಡೋದು ಹೇಗೆ

ಸಾಫ್ಟ್‌ವೇರನ್ನ ವರ್ಷದ ಅಗ್ರಿಮೆಂಟ್ ಮೇಲೆ ಕೊಡೋ ಸಣ್ಣ ಕಂಪನಿಗಳಲ್ಲಿ ಇದು ತುಂಬಾ ಕಾಮನ್. 50 ಯೂಸರ್, ತಿಂಗಳಿಗೆ 2 ಲಕ್ಷ ಎಪಿಐ ಕಾಲ್ (ಒಂದು ಸಾಫ್ಟ್‌ವೇರ್ ಇನ್ನೊಂದನ್ನ ಕರೆದು ಕೆಲಸ ಮಾಡ್ಸೋದು) ಅಂತೆಲ್ಲ ನೀಟಾಗಿ ಬರ್ದು ಸೈನ್ ಹಾಕಿಸ್ಕೊತಾರೆ, ಆಮೇಲೆ ರಿನ್ಯೂವಲ್ ಬರೋವರ್ಗೂ ಆ ಕಡೆ ಯಾರೂ ತಲೆ ಹಾಕಲ್ಲ, ಕೊನೆಗೆ ಯಾರೋ ಡೇಟಾಬೇಸಲ್ಲಿ ಒಂದು ಕ್ವೆರಿ ಓಡಿಸಿ "83 ಜನ ಇದಾರೆ" ಅಂತ ಹೇಳ್ತಾರೆ, 33 ಜನರ ದುಡ್ಡಿಗೆ ಇನ್‌ವಾಯ್ಸ್ ಹೋಗತ್ತೆ. ಕಸ್ಟಮರ್ ಕಡೆಯವ್ರು ರೇಗ್ತಾರೆ, ರೇಗೋದ್ರಲ್ಲಿ ತಪ್ಪೂ ಇಲ್ಲ, ವರ್ಷಪೂರ್ತಿ ನಿಮ್ಗೆ ಗೊತ್ತಿರ್ಬಹುದಾಗಿದ್ದ ನಂಬರನ್ನ ಅವ್ರಿಗೆ ಒಂದ್ಸಲನೂ ತೋರ್ಸಿಲ್ವಲ್ಲ. ಮನೆ ಮುಂದಿನ ಕರೆಂಟ್ ಮೀಟರ್ ಥರ ಇರ್ಬೇಕು ಇದು, ರೀಡಿಂಗ್ ಬರ್ಕೊಳೋರಿಗೂ ಮನೆಯವ್ರಿಗೂ ಒಂದೇ ನಂಬರ್ ಕಾಣ್ಬೇಕು. ಕೆಳಗೆ ಬರ್ದಿರೋದೆಲ್ಲ ಆ ಸ್ಥಿತಿಗೆ ಬರೋದು ಹೇಗೆ ಅಂತ.

ಕೋಡ್ ಮುಟ್ಟೋ ಮುಂಚೆ ಅಗ್ರಿಮೆಂಟ್ ತೆಗೆದು ಓದಿ. ಯೂಸರ್ ಅಂದ್ರೆ ಯಾರು ಅಂತ ಅದ್ರಲ್ಲಿ ಇದ್ಯಾ? ಅಕೌಂಟ್ ಇರೋ ಪ್ರತಿಯೊಬ್ರೂನಾ, ಆ ತಿಂಗಳು ಒಂದ್ಸಲನಾದ್ರೂ ಲಾಗಿನ್ ಆದವ್ರಾ, ಇಲ್ಲ ಒಂದೇ ಹೊತ್ತಲ್ಲಿ ಒಳಗೆ ಇರೋರಾ, ಈ ಮೂರಕ್ಕೂ ಮೂರು ಬೇರೆ ನಂಬರ್ ಬರತ್ತೆ. ಕೆಲಸ ಬಿಟ್ಟು ಹೋದವ್ರ ಅಕೌಂಟ್ ಲೆಕ್ಕಕ್ಕೆ ಬರತ್ತಾ? ನಿಮ್ಮ ಸಪೋರ್ಟ್ ಟೀಮಿನವ್ರು ಕಸ್ಟಮರ್ ಅಕೌಂಟ್ ಒಳಗೆ ಹೋಗಿ ನೋಡಿದ್ರೆ? ಟೆಸ್ಟ್ ಸರ್ವರ್ ಮೇಲೆ ಆಗೋ ಬಳಕೆ? ಎಲ್ಲಕ್ಕಿಂತ ಮುಖ್ಯ, ಅವ್ರು ನಡುವೆ ಇನ್ನೊಂದು ಸಾಫ್ಟ್‌ವೇರ್ ಇಟ್ಕೊಂಡು ಅದ್ರ ಮೂಲಕ ನಿಮ್ಮ ಸಿಸ್ಟಮ್ ಬಳಸಿದ್ರೆ ಆ ಕಡೆ ಇರೋ ಜನ ಯೂಸರಾ ಅಲ್ವಾ?

ಈ ಕೊನೇ ಪ್ರಶ್ನೆ ಎಷ್ಟು ದೊಡ್ಡದಾಗ್ಬಹುದು ಅಂತ ನೋಡ್ಬೇಕಂದ್ರೆ ಕಂಪನಿಗಳ ವ್ಯವಹಾರ ನಡ್ಸೋ ಸಾಫ್ಟ್‌ವೇರ್ ಮಾಡೋ ಎಸ್‌ಎಪಿ ಮತ್ತೆ ಮದ್ಯದ ಕಂಪನಿ ಡಿಯಾಜಿಯೋ ಕೇಸ್ ಇದೆ. ಡಿಯಾಜಿಯೋದವ್ರು 2004ರ ಅಗ್ರಿಮೆಂಟ್ ಮೇಲೆ ಎಸ್‌ಎಪಿ ಬಳಸ್ತಿದ್ರು, ಆಮೇಲೆ ಸೇಲ್ಸ್‌ಫೋರ್ಸ್ ಅನ್ನೋ ಇನ್ನೊಂದು ಕಂಪನಿಯ ಪ್ಲಾಟ್‌ಫಾರ್ಮ್ ಮೇಲೆ ಎರಡು ಹೊಸ ಆಪ್ ಕಟ್ಟಿಸಿದ್ರು, ಒಂದು ಸೇಲ್ಸ್ ಹುಡುಗ್ರಿಗೆ, ಇನ್ನೊಂದು ಆರ್ಡರ್ ಹಾಕೋ ಗಿರಾಕಿಗಳಿಗೆ. ಎರಡೂ ಹಿಂದ್ಗಡೆಯಿಂದ ಎಸ್‌ಎಪಿ ಜೊತೆ ಮಾತಾಡ್ತಿದ್ವು. ನೇರವಾಗಿ ಆಗ್ಲಿ ಪರೋಕ್ಷವಾಗಿ ಆಗ್ಲಿ ಬಳಸಿದ್ರೆ ಯೂಸರೇ, ಲೈಸೆನ್ಸ್ ಬೇಕು ಅಂತ ಎಸ್‌ಎಪಿ 5 ಕೋಟಿ 40 ಲಕ್ಷ ಪೌಂಡ್ ಮೇಲೆ ಕ್ಲೇಮ್ ಹಾಕ್ತು, 2017ರ ಫೆಬ್ರವರಿಯಲ್ಲಿ ಲಂಡನ್ ಹೈಕೋರ್ಟ್ ಲೈಸೆನ್ಸ್ ಬೇಕಿತ್ತು ಅನ್ನೋ ವಾದ ಒಪ್ತು, ಎಷ್ಟು ದುಡ್ಡು ಅನ್ನೋದನ್ನ ಮಾತ್ರ ಆ ತೀರ್ಪಲ್ಲಿ ಹೇಳ್ಲಿಲ್ಲ. ಮುಂದಿನ ವರ್ಷ ಎಸ್‌ಎಪಿಯೇ ಇಂಥ ಪರೋಕ್ಷ ಬಳಕೆಗೆ ತಲೆ ಎಣಿಸೋ ಬದ್ಲು ಸಿಸ್ಟಮಲ್ಲಿ ಹುಟ್ಟೋ ಆರ್ಡರ್, ಇನ್‌ವಾಯ್ಸ್ ಥರದ ಡಾಕ್ಯುಮೆಂಟ್ ಎಣಿಸೋ ಹೊಸ ಲೆಕ್ಕ ತಂತು. ಅಷ್ಟು ದೊಡ್ಡ ಕಂಪನಿಗಳಲ್ಲೇ ಈ ಪರಿ ಜಗಳ ಅಂದ್ರೆ ನಿಮ್ಮ ನಾಲ್ಕು ಪೇಜ್ ಅಗ್ರಿಮೆಂಟಲ್ಲಿ ಇಂಟಿಗ್ರೇಷನ್ ಬಗ್ಗೆ ಎರಡು ಸಾಲು ಬರ್ಯೋದು ದೊಡ್ಡ ಕೆಲಸ ಅಲ್ಲ. ಅದ್ರ ಜೊತೇಲೇ ಇವನ್ನೂ ಸೇರ್ಸಿ: ನಾವು ಬಳಕೆ ಅಳೀತೀವಿ ಅನ್ನೋ ಒಪ್ಪಿಗೆ, ಏನೇನು ಡೇಟಾ ತಗೋತೀವಿ, ಮಿತಿ ದಾಟಿದ್ರೆ ರೇಟ್ ಎಷ್ಟು, ಲೆಕ್ಕ ಸರಿಯಿಲ್ಲ ಅನಿಸಿದ್ರೆ ಎಷ್ಟು ದಿನದಲ್ಲಿ ತಕರಾರು ಹೇಳ್ಬೇಕು.

ಈಗ ಅಳೆಯೋದು. ಆಪ್ ಲಾಗಲ್ಲೇ (ಆಪ್ ತಾನು ಮಾಡಿದ್ದನ್ನ ಬರ್ಕೊಳೋ ಫೈಲಲ್ಲಿ) ಹುಡುಕಿ ಎಣಿಸಿ ಬಿಲ್ ಮಾಡೋ ಅಭ್ಯಾಸ ಇದ್ರೆ ಬಿಟ್ಬಿಡಿ, ಆ ಲಾಗ್ ಇರೋದು ಡೀಬಗ್ ಮಾಡಕ್ಕೆ, ನಾಳೆ ಯಾರೋ ಡೆವಲಪರ್ ಲಾಗ್ ಲೆವೆಲ್, ಅಂದ್ರೆ ಎಷ್ಟು ವಿವರ ಬರೀಬೇಕು ಅನ್ನೋದನ್ನ, ಬದಲಾಯ್ಸಿದ್ರೆ ನಿಮ್ಮ ಆದಾಯನೇ ಬದಲಾಗತ್ತೆ. ಬಳಕೆಗೆ ಅಂತ ಬೇರೆ ಟೇಬಲ್ ಇಡಿ, ಸಾಲು ಸೇರ್ಸೋದು ಮಾತ್ರ, ತಿದ್ದೋದು ಅಳಿಸೋದು ಇಲ್ಲ, ತಪ್ಪು ಎಂಟ್ರಿ ಬಿದ್ರೆ ಅದನ್ನ ಸರಿ ಮಾಡೋ ಮೈನಸ್ ಎಂಟ್ರಿ ಇನ್ನೊಂದು ಹಾಕಿ. ಒಂದು ಸಾಲಲ್ಲಿ ಕಸ್ಟಮರ್ ಐಡಿ, ಏನು ಬಳಸಿದ್ರು, ಎಷ್ಟು, ಯಾವಾಗ, ಜೊತೆಗೆ ಆ ಘಟನೆಗೇ ಮೀಸಲಾದ ಒಂದು ಕೀ. ಆ ಕೀ ಯಾಕಂದ್ರೆ ನೆಟ್‌ವರ್ಕ್ ಕಟ್ಟಾಗಿ ಅದೇ ಘಟನೆ ಎರಡು ಮೂರು ಸಲ ಬರೋದು ದಿನಾ ಆಗೋ ವಿಷ್ಯ, ಅದೇ ಕೀ ಮತ್ತೆ ಬಂದ್ರೆ ಎರಡನೇದನ್ನ ಬಿಟ್ಬಿಡ್ಬೇಕು. ನಿಮ್ಮ ಸರ್ವರೇ ಎರರ್ ಕೊಟ್ಟ ಕಾಲ್‌ಗಳಿಗೆ, ಅಂದ್ರೆ 500ರಿಂದ ಶುರುವಾಗೋ ಕೋಡ್‌ಗಳಿಗೆ, ದುಡ್ಡು ಹಾಕ್ಬೇಡಿ. ರೇಟ್ ಲೆಕ್ಕವನ್ನ ಈ ಟೇಬಲ್ ಒಳಗೆ ತರ್ಲೇಬೇಡಿ, ಇಲ್ಲಿ ಬರೀ ಬಳಕೆ ಇರ್ಲಿ, ರೇಟ್ ಆಮೇಲೆ ಹಾಕಿದ್ರೆ ಒಪ್ಪಂದ ಬದಲಾದಾಗ ಹಳೇದನ್ನ ಮತ್ತೆ ಲೆಕ್ಕ ಹಾಕಕ್ಕೆ ಬರತ್ತೆ.

ಟೈಮ್ ವಿಷ್ಯ ಸ್ವಲ್ಪ ನಿಂತು ನೋಡ್ಬೇಕು. ಸರ್ವರ್ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಟೈಮಲ್ಲಿ, ಬರ್ಕೊಳತ್ತೆ, ನಮ್ಮ ಟೈಮ್ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಾರ್ಚ್ 31ರ 18:45 ಅಂತ ಸರ್ವರಲ್ಲಿ ಇದ್ರೆ ಬೆಂಗಳೂರಲ್ಲಿ ಆಗ್ಲೇ ಏಪ್ರಿಲ್ 1, ಮಧ್ಯರಾತ್ರಿ ಕಳೆದು ಹದಿನೈದು ನಿಮಿಷ, ಅಂದ್ರೆ ಹೊಸ ಹಣಕಾಸು ವರ್ಷ. ಆ ಸಾಲು ಯಾವ ತಿಂಗಳಿಗೆ, ಯಾವ ವರ್ಷಕ್ಕೆ ಅಂತ ನಿಮ್ಮ ಲೆಕ್ಕದವ್ರೂ ಅವ್ರ ಲೆಕ್ಕದವ್ರೂ ಒಂದೊಂದು ಥರ ಹೇಳಿದ್ರೆ ಎರಡು ಕಡೆ ನಂಬರ್ ಯಾವತ್ತೂ ಟ್ಯಾಲಿ ಆಗಲ್ಲ. ಸ್ಟೋರ್ ಮಾಡೋದು ಯುಟಿಸಿಯಲ್ಲೇ ಇರ್ಲಿ, ಆದ್ರೆ ತಿಂಗಳು ಮುಗ್ಯೋದು ಯಾವ ಟೈಮ್‌ಝೋನ್ ಪ್ರಕಾರ ಅಂತ ಅಗ್ರಿಮೆಂಟಲ್ಲಿ ಒಂದು ಸಾಲು ಹಾಕಿ.

ಒಂದೇ ಹೊತ್ತಲ್ಲಿ ಎಷ್ಟು ಜನ ಅನ್ನೋ ಲೆಕ್ಕದ ಅಗ್ರಿಮೆಂಟ್ ಆದ್ರೆ ತಿಂಗಳ ಗರಿಷ್ಠ ನಂಬರ್ ಹಿಡ್ಕೊಂಡು ಬಿಲ್ ಮಾಡೋದು ನನ್ ಪ್ರಕಾರ ಅನ್ಯಾಯ, ಆಡಿಟ್ ಇದ್ದ ಒಂದು ಮಧ್ಯಾಹ್ನ ಎಲ್ರೂ ಒಟ್ಟಿಗೆ ಕೂತಿರ್ತಾರೆ ಅಷ್ಟೆ. ಇಂಟರ್ನೆಟ್ ಬ್ಯಾಂಡ್‌ವಿಡ್ತ್ ಮಾರೋರು ಬಹಳ ಕಾಲದಿಂದ 95ನೇ ಪರ್ಸೆಂಟೈಲ್ ಲೆಕ್ಕ ಇಟ್ಕೊಂಡಿದಾರೆ, ಅಂದ್ರೆ ಅತಿ ಹೆಚ್ಚಿನ ಶೇಕಡಾ 5 ಬಿಟ್ಟು ಉಳಿದಿದ್ರಲ್ಲಿ ದೊಡ್ಡ ನಂಬರಿಗೆ ಬಿಲ್: ಐದು ನಿಮಿಷಕ್ಕೊಂದು ಸ್ಯಾಂಪಲ್, 30 ದಿನಕ್ಕೆ 8,640 ಸ್ಯಾಂಪಲ್, ಮೇಲಿನ ಶೇಕಡಾ 5 ಅಂದ್ರೆ 432 ತೆಗೆದುಹಾಕಿದ್ರೆ 36 ಗಂಟೆಯಷ್ಟು ಜಾಸ್ತಿ ಬಳಕೆ ಮಾಫಿ ಆದಂಗೆ. ಇದೇ ಸೂತ್ರ ಸೀಟ್‌ಗೂ, ಅಂದ್ರೆ ಒಂದೊಂದು ಯೂಸರ್ ಜಾಗದ ಲೆಕ್ಕಕ್ಕೂ, ಹಾಕ್ಬಹುದು.

ಪಾಸ್‌ವರ್ಡ್ ಹಂಚ್ಕೊಳೋದು ಕಂಡ್ರೆ ಏನ್ ಮಾಡ್ಬೇಕು? ಒಂದು ಆಸ್ಪತ್ರೆ ರಿಸೆಪ್ಷನ್ ಯೋಚ್ನೆ ಮಾಡಿ, ಒಂದೇ ಲಾಗಿನ್, ಮೂರು ಶಿಫ್ಟ್, ಕೌಂಟರಲ್ಲಿ ಎರಡು ಕಂಪ್ಯೂಟರ್. ಲಾಗಲ್ಲಿ ಅದೇ ಅಕೌಂಟ್ 24 ಗಂಟೆನೂ ಚಾಲೂ, ಒಂದೇ ಹೊತ್ತಲ್ಲಿ ಎರಡು ಸೆಷನ್, ಎರಡೂ ಆಸ್ಪತ್ರೆಯದೇ ಐಪಿ (ಇಂಟರ್ನೆಟ್ ವಿಳಾಸ). ಇದು ಕಳ್ಳತನ ಅಲ್ಲ, ಶಿಫ್ಟ್ ಬದಲಾಗೋವಾಗ ಎದುರಿಗೆ ಪೇಷೆಂಟ್ ನಿಂತಿರ್ಬೇಕಾದ್ರೆ ಲಾಗೌಟ್ ಲಾಗಿನ್ ಮಾಡ್ತಾ ಕೂರಕ್ಕೆ ಅವ್ರಿಗೆ ಟೈಮಿಲ್ಲ. ಅವ್ರಿಗೆ ಬೇಕಾಗಿರೋದು ಕೌಂಟರ್ ಲೆಕ್ಕದ ಲೈಸೆನ್ಸ್, ನೀವು ಮಾರಿರೋದು ತಲೆ ಲೆಕ್ಕದ್ದು. ಫೋನ್ ಮಾಡಿ ಮಾತಾಡಿ, ಅಕೌಂಟ್ ಬ್ಲಾಕ್ ಮಾಡ್ಬೇಡಿ. ಅದೇ ಅಕೌಂಟ್ ಬೆಳಗ್ಗೆ ಹತ್ತಕ್ಕೆ ಮಂಗಳೂರಲ್ಲೂ ಹತ್ತು ನಿಮಿಷ ಬಿಟ್ಟು ದುಬೈಯಲ್ಲೂ ಕಂಡ್ರೆ ಆ ಕಥೆ ಬೇರೆ, ಇರೋ ಜಾಗ ಬೇರೆ ತೋರ್ಸೋ ವಿಪಿಎನ್ ಇರ್ಬಹುದು, ಪಾಸ್‌ವರ್ಡ್ ಸೋರಿಹೋಗಿರ್ಬಹುದು, ಅಲ್ಲಿ ಲೈಸೆನ್ಸ್ ಮಾತಿಗಿಂತ ಮುಂಚೆ ಸೆಕ್ಯುರಿಟಿ ಅಂತ ತಿಳ್ಸಿ.

ಏನು ಅಳೀಬಾರ್ದು ಅನ್ನೋದೂ ಅಷ್ಟೇ ಮುಖ್ಯ. ಬಿಲ್ಲಿಗೆ ಬೇಕಾಗಿರೋದು ಎಷ್ಟು ಅನ್ನೋದು, ಒಳಗೆ ಏನ್ ಟೈಪ್ ಮಾಡಿದ್ರು ಅನ್ನೋದಲ್ಲ. ಕಸ್ಟಮರ್ ಕಡೆ ಕೆಲಸ ಮಾಡೋರ ಹೆಸ್ರು, ಇಮೇಲ್, ಐಪಿ ಎಲ್ಲ ವೈಯಕ್ತಿಕ ಡೇಟಾ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರಲ್ಲಿ ನಿಯಮಗಳು ಬಂದಿವೆ, ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಅವಕಾಶ ಇದೆ, ಡೇಟಾಗೆ ಸರಿಯಾದ ಭದ್ರತೆ ಇಡದಿದ್ರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗ್ಬಹುದು. ಹಂಗಾಗಿ ಬಳಕೆ ಟೇಬಲಲ್ಲಿ ಹೆಸ್ರಿನ ಬದ್ಲು ಒಂದು ನಂಬರ್ ಐಡಿ ಇಡಿ. ನಿಮ್ಮ ಸಾಫ್ಟ್‌ವೇರ್ ಬಳಕೆ ಲೆಕ್ಕನ ಹಿಡ್ಕೊಂಡು ಯಾವ ನೌಕರ ಎಷ್ಟೊತ್ತು ಕೆಲಸ ಮಾಡ್ದ ಅಂತ ಮ್ಯಾನೇಜರ್ ಕೇಳಿದ್ರೆ, ಅಗ್ರಿಮೆಂಟಲ್ಲಿ ಅದಿಲ್ಲ ಅಂತ ಧೈರ್ಯವಾಗಿ ಹೇಳಿ. ಎಲ್ಲ ಅಳಿಸ್ಬಿಡಕ್ಕೂ ಆಗಲ್ಲ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಲ್ಲಿ ಸಿಸ್ಟಮ್ ಲಾಗ್ 180 ದಿನ ಇಡ್ಬೇಕು ಅಂತಿದೆ.

ಕಸ್ಟಮರ್ ತಮ್ಮ ಸರ್ವರಲ್ಲೇ ಸಾಫ್ಟ್‌ವೇರ್ ಇಟ್ಕೊಂಡಿದ್ರೆ, ಬ್ಯಾಂಕ್‌ಗಳು ಸಾಮಾನ್ಯವಾಗಿ ಹಂಗೇ, ಹೊರಗೆ ಏನೂ ಕಳ್ಸಕ್ಕೆ ಬಿಡಲ್ಲ. ಕದ್ದು ಕಳ್ಸೋ ಯೋಚ್ನೆ ಬೇಡ, ಫೈರ್‌ವಾಲ್ ಟೀಮ್ ಹಿಡ್ದೇ ಹಿಡೀತಾರೆ. ತಿಂಗಳಿಗೊಂದು ವರದಿ ಫೈಲ್ ಅಲ್ಲೇ ತಯಾರಾಗ್ಲಿ, ಡಿಜಿಟಲ್ ಸೈನ್ ಇರ್ಲಿ, ಆದ್ರೆ ಒಳಗಿರೋದು ಅವ್ರು ಓದೋ ಹಂಗಿರ್ಲಿ, ಓದಿ ನೋಡಿ ಅವ್ರೇ ಮೇಲ್ ಮಾಡ್ಲಿ.

ಜಗಳ ಕೋರ್ಟ್‌ವರ್ಗೂ ಹೋಗೋದು ಅಪರೂಪ. ಹೋದ್ರೆ ಲಾಗನ್ನ ಸಾಕ್ಷಿಯಾಗಿ ಕೊಡಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು, ಅದ್ರಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ (ಒಂದಕ್ಷರ ಬದಲಾದ್ರೂ ಬದಲಾಗೋ, ಫೈಲಿನ ಬೆರಳಚ್ಚಿನಂಥ ಕೋಡ್) ಬರೀಬೇಕು, ಹಂಗಾಗಿ ಪ್ರತಿ ತಿಂಗಳ ಲೆಕ್ಕ ಕ್ಲೋಸ್ ಮಾಡಿದ ದಿನವೇ ಆ ಫೈಲಿನ ಶಾ-256 ಅನ್ನೋ ವಿಧಾನದ ಹ್ಯಾಶ್ ತೆಗೆದು ಇನ್‌ವಾಯ್ಸ್ ಜೊತೆ ಕಳ್ಸಿಬಿಡಿ.

ಕೊನೇದಾಗಿ ತೋರ್ಸೋ ಕೆಲಸ. ಕಸ್ಟಮರ್ ಅಡ್ಮಿನ್ ಪೇಜಲ್ಲಿ ಬಳಕೆ ಗ್ರಾಫ್ ಹಾಕಿ, ಇನ್‌ವಾಯ್ಸ್ ತಯಾರಾಗೋ ಟೇಬಲ್ಲಿಂದಲೇ ಬರ್ಲಿ, ಡೆಮೋಗೆ ಅಂತ ಬೇರೆ ಲೆಕ್ಕ ಬೇಡ. ಶೇಕಡಾ 70ಕ್ಕೆ ಒಂದು ಮೇಲ್, 90ಕ್ಕೆ ಇನ್ನೊಂದು, 100 ದಾಟಿದ್ರೆ ನಿಮ್ಮ ಕಡೆಯಿಂದ ಫೋನ್. ಮಿತಿ ದಾಟಿದ ತಕ್ಷಣ ಸರ್ವಿಸ್ ನಿಲ್ಸೋದು ಫ್ರೀ ಪ್ಲಾನ್‌ಗೆ ಸರಿ, ದುಡ್ಡು ಕೊಟ್ಟು ವ್ಯಾಪಾರ ನಡ್ಸೋರಿಗೆ ಮಾಡ್ಬೇಡಿ. ಕಮ್ಮಿ ಬಳಸೋರಿಗೂ ಇದೇ ಥರ ಹೇಳಿ, 50 ಸೀಟ್ ತಗೊಂಡು 19 ಮಾತ್ರ ಬಳಸ್ತಿದ್ರೆ ರಿನ್ಯೂವಲ್‌ಗೆ 90 ದಿನ ಇರೋವಾಗ್ಲೇ ಆ ವರದಿ ಕಳ್ಸಿ, ಉಳಿದ 31 ಸೀಟಿನವ್ರಿಗೆ ಟ್ರೈನಿಂಗ್ ಬೇಕಾ ಇಲ್ಲ ಸೀಟೇ ಬೇಡ್ವಾ ಅಂತ ಅವ್ರನ್ನೇ ಕೇಳಿ.