ಎಕ್ಸ್‌ಎಸ್‌ಎಲ್‌ಟಿ ಹಾಯಿಸಿದ ಮೇಲೂ ಒಳಗಿನ ಟ್ಯಾಗುಗಳು ಉಳಿಯಬೇಕೆ?

ಎಕ್ಸ್‌ಎಸ್‌ಎಲ್‌ಟಿ ಎಂದರೆ ಟ್ಯಾಗು ಹಾಕಿದ ಎಕ್ಸ್‌ಎಂಎಲ್ ಕಡತವನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ. ಮೈಸೂರು, ಮಂಡ್ಯ ಸೀಮೆಯ ಸ್ಥಳಪರಿಚಯದ ಎಕ್ಸ್‌ಎಂಎಲ್ ಕಡತದಲ್ಲಿ ಈ ಸಾಲಿದೆ ಎಂದುಕೊಳ್ಳಿ:

<ಪ್ಯಾರಾ><ನದಿ>ಕಾವೇರಿಗೆ</ನದಿ> <ಸ್ಥಳ>ಕನ್ನಂಬಾಡಿಯಲ್ಲಿ</ಸ್ಥಳ> ಕಟ್ಟಿದ ಅಣೆಕಟ್ಟೇ <ಒತ್ತು>ಕೆಆರ್‌ಎಸ್</ಒತ್ತು>.</ಪ್ಯಾರಾ>

ಪ್ಯಾರಾದ ಟೆಂಪ್ಲೇಟಿನಲ್ಲಿ (ಆ ಟ್ಯಾಗು ಸಿಕ್ಕಾಗ ಏನು ಮಾಡಬೇಕೆಂಬ ನಿಯಮದಲ್ಲಿ) ‘ವ್ಯಾಲ್ಯೂ-ಆಫ್’ ಬರೆದರೆ ಅಕ್ಷರಗಳು ಬರುತ್ತವೆ, ಒಳಗಿನ ಮೂರೂ ಟ್ಯಾಗು ಮಾಯ. ಅದು ಕೊಡುವುದೇ ಬರಿಯ ಪಠ್ಯವನ್ನು. ಅದರ ಬದಲು ‘ಅಪ್ಲೈ-ಟೆಂಪ್ಲೇಟ್ಸ್’ (ಒಳಗಿನ ಭಾಗಗಳಿಗೂ ಅವುಗಳ ಟೆಂಪ್ಲೇಟ್ ಹಾಯಿಸುವ ಆದೇಶ) ಹಾಕಿ, ‘ಸೆಲೆಕ್ಟ್’ ಬೇಡ. ಸೆಲೆಕ್ಟ್‌ಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಎಲಿಮೆಂಟುಗಳಷ್ಟೇ (ಟ್ಯಾಗು ಹಾಕಿದ ಭಾಗಗಳಷ್ಟೇ) ಆಯ್ಕೆಯಾಗಿ ‘ಕಟ್ಟಿದ ಅಣೆಕಟ್ಟೇ’ ಬಿಟ್ಟುಹೋಗುತ್ತದೆ. ಬಳಿಕ ನದಿ, ಸ್ಥಳ, ಒತ್ತು ಮೂರಕ್ಕೂ ಟೆಂಪ್ಲೇಟ್ ಬರೆಯಿರಿ. ಒಂದನ್ನು ಮರೆತರೂ ಅಂತರ್ಗತ ನಿಯಮ ಪಠ್ಯವನ್ನು ದಾಟಿಸಿ ಟ್ಯಾಗನ್ನು ಬಿಡುತ್ತದೆ. ದೋಷಸಂದೇಶ ಬರುವುದಿಲ್ಲವಾದ್ದರಿಂದ ಹೊರಬಂದ ಕಡತದಲ್ಲಿ ಟ್ಯಾಗುಗಳನ್ನು ಎಣಿಸಿ ತಾಳೆ ನೋಡಲೇಬೇಕು.

ಬಹುಪಾಲು ಇದ್ದಂತೆಯೇ ಉಳಿಯಬೇಕಾದಾಗ ಐಡೆಂಟಿಟಿ ಟೆಂಪ್ಲೇಟ್ ಒಳ್ಳೆಯದು: ‘ಮ್ಯಾಚ್’ನಲ್ಲಿ ಎಲ್ಲ ಆಟ್ರಿಬ್ಯೂಟು (ಟ್ಯಾಗಿನೊಳಗೆ ಬರೆಯುವ ಹೆಸರು-ಬೆಲೆ ಜೋಡಿ) ಮತ್ತು ನೋಡುಗಳು (ಎಲಿಮೆಂಟು, ಪಠ್ಯ ಮುಂತಾದ ಘಟಕಗಳು), ಒಳಗೆ ‘ಕಾಪಿ’, ಅದರೊಳಗೆ ಅವನ್ನೇ ಆರಿಸುವ ಅಪ್ಲೈ-ಟೆಂಪ್ಲೇಟ್ಸ್. ಎಕ್ಸ್‌ಎಸ್‌ಎಲ್‌ಟಿ 3.0 ಆವೃತ್ತಿಯಲ್ಲಾದರೆ ‘ಮೋಡ್’ನ ‘ಆನ್-ನೋ-ಮ್ಯಾಚ್’ಗೆ ‘ಶ್ಯಾಲೋ-ಕಾಪಿ’ ಕೊಟ್ಟರೆ ಸಾಕು. ‘ಕಾಪಿ-ಆಫ್’ ಇನ್ನೂ ಸುಲಭ, ಆದರೆ ಒಳಗಿನ ಯಾವ ಟ್ಯಾಗಿಗೂ ನಿಮ್ಮ ಟೆಂಪ್ಲೇಟ್ ತಾಗುವುದಿಲ್ಲ. ನೇಮ್‌ಸ್ಪೇಸುಗಳೂ (ಟ್ಯಾಗಿನ ಹೆಸರು ಯಾವ ಗುಂಪಿನದೆಂದು ಹೇಳುವ ಗುರುತುಗಳು) ಅಂಟಿಕೊಂಡು ಬರುತ್ತವೆ.

ಟ್ಯಾಗುಗಳು ಸಿಡೇಟಾ (ಒಳಗಿನದನ್ನು ಬರಿಯ ಅಕ್ಷರವೆಂದೇ ಓದಿಸುವ ಗುರುತು) ಒಳಗಿದ್ದರೆ ಅವು ಟ್ಯಾಗುಗಳೇ ಅಲ್ಲ, ಅಕ್ಷರಗಳು. 3.0ರಲ್ಲಿ ‘ಪಾರ್ಸ್-ಎಕ್ಸ್‌ಎಂಎಲ್-ಫ್ರಾಗ್ಮೆಂಟ್’ ಫಂಕ್ಷನ್ ಅವನ್ನು ನೋಡುಗಳನ್ನಾಗಿಸುತ್ತದೆ. ‘ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್’ (ಅಕ್ಷರಗಳನ್ನು ಹಾಗೆಯೇ ಟ್ಯಾಗಾಗಿ ಹೊರಬಿಡುವ ಆಯ್ಕೆ) ನೆಚ್ಚಬೇಡಿ, ಅದನ್ನು ಪಾಲಿಸಲೇಬೇಕೆಂಬ ಕಟ್ಟುಪಾಡು ಪ್ರೊಸೆಸರುಗಳಿಗೆ (ಎಕ್ಸ್‌ಎಸ್‌ಎಲ್‌ಟಿ ಓಡಿಸುವ ತಂತ್ರಾಂಶಗಳಿಗೆ) ಇಲ್ಲ.

ಕನ್ನಡ ಪಠ್ಯ ಹೆಚ್ಚು ಕೆಡುವುದು ಖಾಲಿ ಜಾಗದ ವಿಷಯದಲ್ಲಿ. ‘ಸ್ಟ್ರಿಪ್-ಸ್ಪೇಸ್’ಗೆ ನಕ್ಷತ್ರ ಕೊಟ್ಟರೆ ಎರಡು ಟ್ಯಾಗುಗಳ ನಡುವಿನ ಒಂಟಿ ಸ್ಪೇಸ್ ಹಾರಿ ‘ಕಾವೇರಿಗೆಕನ್ನಂಬಾಡಿಯಲ್ಲಿ’ ಎಂದಾಗುತ್ತದೆ. ಪ್ಯಾರಾವನ್ನು ‘ಪ್ರಿಸರ್ವ್-ಸ್ಪೇಸ್’ನಲ್ಲಿ ಹೆಸರಿಸಿ. ‘ನಾರ್ಮಲೈಸ್-ಸ್ಪೇಸ್’ ಅನ್ನು ಪ್ರತಿ ಪಠ್ಯನೋಡಿಗೂ ಹಾಯಿಸಿದರೆ ಅಂಚಿನ ಸ್ಪೇಸ್ ಹೋಗಿ ಇದೇ ಗತಿ. ‘ಇಂಡೆಂಟ್’ಗೆ ‘ಯೆಸ್’ ಇಟ್ಟರೆ ಉಲ್ಟಾ ಅಪಾಯ: ಮಂಡ್ಯಕ್ಕೆ ಟ್ಯಾಗು ಹಾಕಿ ‘ದಲ್ಲಿ’ಯನ್ನು ಹೊರಗಿಟ್ಟಿದ್ದರೆ, ಕೆಲವು ಪ್ರೊಸೆಸರುಗಳು ಸಾಲು ಮುರಿದು ಪ್ರತ್ಯಯವನ್ನು ಬೇರ್ಪಡಿಸುತ್ತವೆ. ‘ನೋ’ ಎಂದೇ ಇಡಿ.

ಪದದ ನಡುವೆ ಟ್ಯಾಗು ಮುಚ್ಚುವ ಅಭ್ಯಾಸವೇ ಬೇಡ. ‘ಮೈಸೂರಿನಲ್ಲಿ’ ಎಂಬಲ್ಲಿ ‘ಮೈಸೂರ’ದವರೆಗೆ ಮುಚ್ಚಿದರೆ ಗುಡಿಸು ಹೊರಗುಳಿದು ಚುಕ್ಕೆವೃತ್ತದ ಮೇಲೆ ಕೂರುತ್ತದೆ. ಇಡೀ ಪದಕ್ಕೆ ಟ್ಯಾಗು ಹಾಕಿ, ಹುಡುಕಾಟಕ್ಕೆ ಬೇಕಾದ ಮೂಲರೂಪವನ್ನು ಆಟ್ರಿಬ್ಯೂಟಿನಲ್ಲಿಡಿ:

<ಸ್ಥಳ ಮೂಲ="ಮೈಸೂರು">ಮೈಸೂರಿನಲ್ಲಿ</ಸ್ಥಳ>

‘ಕಾಪಿ’ ಒಂದೇ ಆಟ್ರಿಬ್ಯೂಟನ್ನು ತರುವುದಿಲ್ಲ. ಸ್ಥಳಕ್ಕೆ ಪ್ರತ್ಯೇಕ ಟೆಂಪ್ಲೇಟ್ ಬರೆದರೆ ಅಲ್ಲಿಯೂ ಆಟ್ರಿಬ್ಯೂಟುಗಳನ್ನು ಆರಿಸಿ, ಅದೂ ಪಠ್ಯಕ್ಕಿಂತ ಮೊದಲು. ಒಳಗಿನ ಪಠ್ಯವೋ ಟ್ಯಾಗೋ ಬಂದ ಮೇಲೆ ಆಟ್ರಿಬ್ಯೂಟು ಸೇರಿಸುವುದು ದೋಷ.